ಕಪಾಟಿನ ಮೂರನೆಯ ಖಾನೆಯ ದಿಗ್ವಿಜಯ

ಹೇ ವಾಗ್ದೇವಿ, ವೀಣೆಯನ್ನು ಕೊಂಚ ಹೊತ್ತು ಗೋಡೆಗೆ ಆನಿಸಿಟ್ಟು ಇತ್ತ ಕಿವಿಗೊಡು! ಸೀಮೆಸುಣ್ಣದ ಯುಗವು ಪೂರ್ತಿ ಅಳಿಯದೆ, ಸ್ಮಾರ್ಟ್ ಬೋರ್ಡಿನ ಯುಗವು ಬಂದು ಗೋಡೆಗೆ ತೂಗಿಕೊಂಡರೂ ಅದಕ್ಕೆ ಬೇಕಾದ ಕರೆಂಟು ಬಾರದೆ, ವಿದ್ಯಾಮಂದಿರಗಳೆಲ್ಲ ಎರಡು ಯುಗಗಳ ನಡುವಿನ ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಂತಿದ್ದ ಆ ವಿಷಮ ಸಂಧಿಕಾಲದಲ್ಲಿ, ಬಿಸಿಯೂಟದ ಸಾರಿನ ಒಗ್ಗರಣೆಯು ಛಂದಸ್ಸು ವ್ಯಾಕರಣಗಳನ್ನು ಒಂದೇ ಏಟಿಗೆ ಕೆಡವಿ ಹತ್ತೂ ದಿಕ್ಕುಗಳನ್ನು ಆಳುತ್ತಿದ್ದ ಆ ಹಸಿದ ಮಧ್ಯಾಹ್ನದಲ್ಲಿ, ಗುಳಬಾಳವೆಂಬ ಪುರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬೇವಿನ ಗಿಡದ ಕೆಳಗೆ ನಡೆದ ಘೋರಸಂಗ್ರಾಮವನ್ನು ಈ ಬಡ ಗಾಥಾಕಾರ ಹಾಡಹೊರಟಿದ್ದಾನೆ. ಅವನ ಕಂಠಕ್ಕೆ ಬಲ ಕೊಡು, ಸಮಾಸಕ್ಕೆ ಉದ್ದ ಕೊಡು, ಕೇಳುವವರಿಗೆ ತಾಳ್ಮೆ ಕೊಡು. ಮೂರನೆಯದನ್ನು ಕೊಂಚ ಧಾರಾಳವಾಗಿಯೇ ಕೊಡು ತಾಯಿ, ಈ ಗಾಥಾಕಾರನ ವಾಕ್ಯಗಳು ಬೇಗ ಮುಗಿಯುವುದಿಲ್ಲ.

ಯಾರನ್ನು ಹಾಡಲಿ? ಸುಣ್ಣಧೂಳಿಧೂಸರಿತದಕ್ಷಿಣಹಸ್ತರೂ, ಪ್ರಾರ್ಥನಾಸಭಾಗಗನಗರ್ಜಿತರೂ, ಬೀಳ್ಕೊಡುಗೆಭಾಷಣಬೃಹಸ್ಪತಿಗಳೂ, ಷಷ್ಠಸಪ್ತಮಾಷ್ಟಮವರ್ಗಭಯಂಕರರೂ ಆದ ಕನ್ನಡ ಅಧ್ಯಾಪಕ ಶ್ರೀ ಈರಸಂಗಪ್ಪ ಬೆಳವಣಕಿಯವರನ್ನಲ್ಲದೆ ಇನ್ನಾರನ್ನು! (ಈ ಬಿರುದುಗಳಲ್ಲಿ ಅರಿಸಮಾಸ ನುಸುಳಿದೆಯೆಂದು ಪಂಡಿತರು ಹುಬ್ಬು ಹಾರಿಸಬಾರದು. ಯುದ್ಧಕಾಲದಲ್ಲಿ ಕೈಗೆ ಸಿಕ್ಕ ಆಯುಧವೇ ಆಯುಧ.) ಮಾಸ್ತರರು ಗಂಟಲು ಸರಿಪಡಿಸಿಕೊಂಡರೆ ಬೇವಿನ ಗಿಡದ ಕಾಗೆಗಳು ಜಾಗ ಬದಲಿಸುತ್ತಿದ್ದವು. ‘ಓದಿನ ಸುಖ’ ಎಂಬ ವಿಷಯದ ಮೇಲೆ ಅವರು ತಾಲೂಕಿನ ಪ್ರತಿಯೊಂದು ವೇದಿಕೆಯಲ್ಲೂ ಮಾತನಾಡಿದ್ದರು. ಹೀಗೆ ಮಾತನಾಡಿ ಮಾತನಾಡಿ ಅವರಿಗೆ ಸ್ವತಃ ಓದಲು ಪುರಸೊತ್ತು ಸಿಕ್ಕಿರಲಿಲ್ಲ. ಒಂದು ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಎಷ್ಟು ವರ್ಷಗಳಾದವೆಂದು ಯಾರೂ ಕೇಳಿರಲಿಲ್ಲ, ತಾವೂ ಕೇಳಿಕೊಂಡಿರಲಿಲ್ಲ.

ಆ ಮಹನೀಯರ ಸಾಮ್ರಾಜ್ಯವೆಂದರೆ ಶನಿವಾರದ ಕೊನೆಯ ಪಿರೇಡು. ವೇಳಾಪಟ್ಟಿಯಲ್ಲಿ ಅದರ ಹೆಸರು ‘ಗ್ರಂಥಾಲಯ’. ಗ್ರಂಥಾಲಯವೆಂದರೆ ಏಳನೆಯ ತರಗತಿಯ ಮೂಲೆಯಲ್ಲಿ ಒಂದು ಕಾಲು ಕುಂಟುತ್ತ ನಿಂತ ಕಬ್ಬಿಣದ ಕಪಾಟು. ಅದರ ಮೇಲಿನ ಖಾನೆಯಲ್ಲಿ ಭೂಪಟಗಳು, ಎರಡನೆಯದರಲ್ಲಿ ಉತ್ತರಧ್ರುವ ಕಿತ್ತುಹೋದ ಗ್ಲೋಬು ಮತ್ತು ಆಗಸ್ಟ್ ಹದಿನೈದರ ಬಣ್ಣದ ಕಾಗದ, ಮೂರನೆಯದರಲ್ಲಿ ಮಾತ್ರ ಪುಸ್ತಕ. ಹೋದ ವರ್ಷ ಆ ಖಾನೆಗೆ ಪುಸ್ತಕಗಳನ್ನು ಆರಿಸಿದವರೂ ಮಾಸ್ತರರೇ. ಹುಡುಗರು ಅವುಗಳನ್ನು ಉಪಯೋಗಿಸಲೇ ಇಲ್ಲವೆಂದು ಹೇಳುವಂತಿಲ್ಲ. ಒಂದರಲ್ಲಿ ವಿಜ್ಞಾನದ ಪ್ರಾಜೆಕ್ಟಿಗಾಗಿ ಅರಳಿ ಎಲೆಗಳನ್ನು ಒಣಗಲು ಇಟ್ಟಿದ್ದರು. ಒಂದು, ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ಅಡ್ಡ ಬಂದಿತ್ತು. ಇನ್ನೊಂದು, ಕಪಾಟಿನ ಆ ಕುಂಟು ಕಾಲಿನ ಕೆಳಗೆ ಸೇರಿ ಉಳಿದ ಗ್ರಂಥಗಳ ಭಾರವನ್ನು ಹೊತ್ತಿತ್ತು. ಓದಿದವರು ಮಾತ್ರ ಒಬ್ಬರೂ ಇಲ್ಲ. ಅದನ್ನು ಕಂಡ ದಿನ ಮಾಸ್ತರರು ಹುಡುಗರನ್ನು ಬೈದರು, ಕಾಲವನ್ನು ಬೈದರು, ಮೊಬೈಲನ್ನು ಬೈದರು, ಮನೆಗೆ ಹೋಗಿ ರೊಟ್ಟಿ ಮುಟ್ಟದೆ ಮಲಗಿದರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಹೀಗಿರಲಾಗಿ ಒಂದು ದಿನ ಮುಖ್ಯೋಪಾಧ್ಯಾಯರಾದ ಶಿವಪುತ್ರಪ್ಪ ಕಟಗೇರಿಯವರು ಅವರನ್ನು ತಮ್ಮ ಕೋಣೆಗೆ ಕರೆಸಿದರು. ಕಟಗೇರಿಯವರು ಕಡಿಮೆ ಮಾತಿನವರು. ಎರಡು ಮಾತಾಡಿದರೆ ಒಂದು ಆಜ್ಞೆ, ಒಂದು ಕೆಮ್ಮು.

“ಬೆಳವಣಕಿ ಸರ, ಹಳೇ ವಿದ್ಯಾರ್ಥಿಗೋಳು ಪುಸ್ತಕ ಕೊಡಸ್ತೀವಿ ಅಂದಾರ. ನಾಳೆ ಪುಸ್ತಕದ ಗಾಡಿ ಬರ್ತೈತಿ. ಕಾದಂಬರಿನ ಬೇಕಂತ ಅವರಿಗೆ. ಹಳೇವನ್ನ ತಗದು ಮೂರನೇ ಖಾನೆ ತುಂಬೂವಷ್ಟು ಆರಸ್ರಿ.”

“ಅಹೋಭಾಗ್ಯ!” ಎಂದರು ಮಾಸ್ತರರು.

“ಪೂರಾ ಕೇಳ್ರಿ. ಶನಿವಾರ ನಿಮ್ಮ ಪಿರೇಡಿಗೆ ನಾನು ಬಂದು ನೋಡಾಂವ. ಏಳನೇತ್ತೆ ಹುಡುಗರು ಓದೂದು ನನ್ನ ಕಣ್ಣಿಗೆ ಬಿತ್ತಂದ್ರ ಪಿರೇಡ ನಿಮ್ಮದು. ಈ ಸಲಾನೂ ಎಲಿ ಒಣಗಿಸಿದ್ರಂದ್ರ ಅದನ್ನ ಗಣಿತಕ್ಕ ಕೊಟ್ಟಬಿಡ್ತೀನಿ. ಮತ್ತ, ನೀವೊಬ್ಬರ ಆರಸೂದು ಬ್ಯಾಡ. ಗಣಿತದ ನದಾಫ ಅಕ್ಕೋರು ನಿಮ್ಮ ಜೋಡಿ ಇರ್ತಾರ.”

ಗಣಿತಕ್ಕೆ! ಆ ನಾಲ್ಕಕ್ಷರವು ಮಾಸ್ತರರ ಎದೆಗೆ ಯಾವ ಬಗೆಯಾಗಿ ನಾಟಿತೆಂದು ಬಣ್ಣಿಸಲು ಹೊರಟರೆ ಇಲ್ಲಿಗೇ ಒಂದು ಆಶ್ವಾಸ ಮುಗಿದುಹೋದೀತು. ಶನಿವಾರದ ಆ ಮುಕ್ಕಾಲು ಗಂಟೆಯ ಸಾಮ್ರಾಜ್ಯ ಕಳೆದುಕೊಂಡರೆ ಬೆಳವಣಕಿ ಮಾಸ್ತರರು ಬರೇ ಪಾಠದ ಮಾಸ್ತರರು; ಉಳಿದರೆ ಮಕ್ಕಳಿಗೆ ಓದು ಹಚ್ಚಿದ ಮಾಸ್ತರರು. ಒಬ್ಬರಿಗಾದರೂ ಹಚ್ಚಬೇಕೆಂಬುದು ಅವರ ನಿಜವಾದ ಆಸೆ. ಭಾಷಣದ ಆಸೆಯ ಕೆಳಗೆ ಅದೂ ಇತ್ತು.

ಮರುದಿನ ಮಧ್ಯಾಹ್ನ ಪುಸ್ತಕದ ಗಾಡಿ ಬಂದು ಬೇವಿನ ನೆರಳಿನಲ್ಲಿ ನಿಂತಿತು. ಅದರ ಒಡೆಯ ಹಿಂಬಾಗಿಲು ತೆರೆಯುವ ಮೊದಲೇ ಮಾಸ್ತರರು ರಣಭೂಮಿಗೆ ಇಳಿದಿದ್ದರು. ಅವರ ಬಲಗೈಯಲ್ಲಿ ಶಾಲೆಯ ದುಂಡು ಮುದ್ರೆ, ಎಡಗೈಯಲ್ಲಿ ನೇರಳೆ ಮಸಿಯ ಪ್ಯಾಡು. ಇಲ್ಲಿ ಆ ಮುದ್ರೆಯ ಮಹಿಮೆಯನ್ನು ಹೇಳಬೇಕು. ಸರಕಾರಿ ಶಾಲೆಯಲ್ಲಿ ಪುಸ್ತಕವನ್ನು ಆರಿಸುವುದೆಂದರೆ ಓದುವುದಲ್ಲ, ಒಪ್ಪುವುದಲ್ಲ, ಮುದ್ರೆ ಒತ್ತುವುದು. ಮೊದಲ ಪುಟದ ಮೇಲೆ ಮುದ್ರೆ ಬಿದ್ದ ಕ್ಷಣವೇ ಆ ಗ್ರಂಥವು ಶಾಲೆಯ ಸ್ವತ್ತು; ಅಂಗಡಿಯವನು ವಾಪಸ್ಸು ಮುಟ್ಟುವುದಿಲ್ಲ, ಹೆಡ್‌ಮಾಸ್ತರರು ಬಿಡಿಸಲಾರರು, ಸಾಕ್ಷಾತ್ ಶಿಕ್ಷಣಾಧಿಕಾರಿಗಳೇ ಇಳಿದು ಬಂದರೂ ಅಳಿಸಲಾರರು. ಇಂಥ ಅಮೋಘಾಸ್ತ್ರವನ್ನು ಗ್ರಂಥಾಲಯದ ಚಾರ್ಜ್ ಇದ್ದ ಕಾರಣಕ್ಕೆ ಧರಿಸಿದ್ದ ಮಾಸ್ತರರು, ಗಾಡಿಯ ಎದುರು ನಿಂತು, ಎದೆಯುಬ್ಬಿಸಿ, ಹೀಗೆ ಗರ್ಜಿಸಿದರು:

“ಎಲೈ ಕಾದಂಬರೀಸಂಕುಲವೇ, ಕೇಳು! ಇಂದು ನಿನ್ನನ್ನು ಪರೀಕ್ಷಿಸಬಂದವನು ಸಾಮಾನ್ಯನೆಂದು ಬಗೆಯಬೇಡ. ಯಾರ ಅಂಗೈಯ ಮೇಲೆ ಕುಳಿತೊಡನೆ ಗ್ರಂಥವು ತನ್ನ ಗುಣದೋಷಗಳನ್ನು ತಾನೇ ಒಪ್ಪಿಕೊಳ್ಳುವುದೋ, ಯಾರು ಪುಟ ತೆರೆಯದೆಯೇ ಕೃತಿಯ ಅಂತರಂಗವನ್ನು ಹೊಕ್ಕು ಹೊರಬರಬಲ್ಲರೋ, ಆ ಬೆಳವಣಕಿಯು ನಾನು! ಮಕ್ಕಳ ಹೃದಯವನ್ನು ನಾನು ಬಲ್ಲೆ. ಅದಕ್ಕೆ ತಕ್ಕ ಕಾದಂಬರಿಯನ್ನು ಈ ಗಾಡಿಯ ಪಾತಾಳದಲ್ಲಿ ಅಡಗಿದ್ದರೂ ಎಳೆದು ತಂದೇನು!”

“ಸರ, ಒಂಚೂರ ಆಕಡೆ ಸರೀರಿ,” ಎಂದ ಗಾಡಿಯವನು. “ಬಾಗಲಾ ತಗಿಯಾಕ ಬರವಲ್ದು.”

ಮಾಸ್ತರರು ಸರಿದರು. ಬಾಗಿಲು ತೆರೆಯಿತು. ಮೇಜು ಬಂತು, ಮೇಜಿನ ಮೇಲೆ ಪುಸ್ತಕದ ರಾಶಿ ಬಿತ್ತು. ಅವರು ತಮ್ಮ ವಿಖ್ಯಾತ ಪರೀಕ್ಷೆಯನ್ನು ಶುರು ಮಾಡಿದರು. ಪುಸ್ತಕವನ್ನು ಅಂಗೈಯಲ್ಲಿಟ್ಟು ತರಕಾರಿಯವಳು ಕುಂಬಳಕಾಯಿಯನ್ನು ತೂಗಿದಂತೆ ಎರಡು ಸಲ ಮೇಲೆ ಕೆಳಗೆ ಮಾಡುವುದು. ತೂಕ ಬಂದರೆ ಹೆಸರು ನೋಡುವುದು. ಹೆಸರಿನಲ್ಲಿ ಒಂದಾದರೂ ಮಹಾಪ್ರಾಣ ಇದ್ದರೆ ಮುನ್ನುಡಿ ಎಷ್ಟು ಪುಟವೆಂದು ನೋಡುವುದು. ಮೂರರಲ್ಲೂ ಪಾಸಾದರೆ ಧಡ್ ಎಂದು ಮುದ್ರೆ. ಮಕ್ಕಳಿಗೆ ತಿಳಿಯುವ ಪುಸ್ತಕವನ್ನೇ ಕೊಟ್ಟರೆ ಮಕ್ಕಳು ಬೆಳೆಯುವುದು ಹೇಗೆ ಎಂಬುದು ಅವರ ಸಿದ್ಧಾಂತ. ಆ ಸಿದ್ಧಾಂತವೇ ಹೋದ ವರ್ಷ ಕಪಾಟಿನ ಕಾಲಿನ ಕೆಳಗೆ ಹೋಗಿ ಕುಳಿತಿತ್ತೆಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ವೀರರಿಗೆ ನೆನಪು ಕಡಿಮೆ.

ಆಗ, ಓ ಕೇಳುಗರೇ, ಎಂಟನೆಯ ತರಗತಿಯ ಬಾಗಿಲಿನಿಂದ ಹೊರಬಂದರು ಭಿನ್ನರಾಶಿಭೈರವಿಯೂ, ಲಸಾಅಮಸಾಅವಿಶಾರದೆಯೂ, ಬೃಹತ್ಕಾಷ್ಠಕೈವಾರಧಾರಿಣಿಯೂ ಆದ ಹಸೀನಾ ನದಾಫ ಅಕ್ಕೋರು. ಒಂದು ಕೈಯಲ್ಲಿ ಕರಿಹಲಗೆಯ ಮೇಲೆ ಗೆರೆ ಎಳೆಯುವ ಉದ್ದನೆಯ ಕಟ್ಟಿಗೆಯ ಸ್ಕೇಲು. ಮೂಗಿನ ತುದಿಯಲ್ಲಿ ಕನ್ನಡಕ. ಹತ್ತೂ ಬೆರಳಿಗೆ ಸುಣ್ಣ. ಅವರು ಬಂದವರೇ ಯಾವ ಗರ್ಜನೆಯೂ ಇಲ್ಲದೆ ಸ್ಕೇಲನ್ನು ಮೇಜಿನ ಮೇಲಿಟ್ಟರು.

“ಖಾನೆ ಅಳದು ಬಂದೇನ್ರಿ ಸರ. ಈ ಸ್ಕೇಲಿನ ಉದ್ದಕ್ಕ ಎಷ್ಟು ಪುಸ್ತಕ ನಿಲ್ತಾವೋ ಅಷ್ಟ. ನೀವು ಈ ತುದಿಯಿಂದ ಜೋಡಸ್ರಿ, ನಾ ಆ ತುದಿಯಿಂದ ಜೋಡಸ್ತೀನಿ.”

“ದೇವಿ!” ಎಂದರು ಮಾಸ್ತರರು, ಮುದ್ರೆಯನ್ನು ಆಕಾಶಕ್ಕೆತ್ತಿ. “ಸಂಖ್ಯಾಶಾಸ್ತ್ರವು ತಮ್ಮ ರಾಜ್ಯ. ಅಲ್ಲಿ ತಾವು ನಿರಂಕುಶರು. ಆದರೆ ಸಾಹಿತ್ಯವೆಂಬ ಈ ಮಹಾರಣ್ಯದಲ್ಲಿ ದಾರಿ ಬಲ್ಲ ಬೇಟೆಗಾರನ ಹಿಂದೆ ಬರುವುದೇ ಕ್ಷೇಮ. ಶನಿವಾರದ ಆ ಅವಧಿ ಗಣಿತಕ್ಕೆ ದಕ್ಕಲೆಂದು ತಾವು ಹಲ್ಲು ಮಸೆಯುತ್ತಿರುವುದನ್ನು ನಾನು ಅರಿಯೆನೇ?”

“ನನಗ್ಯಾಕ್ರಿ ಅದು?” ಎಂದರು ಅಕ್ಕೋರು. “ಈಗಿರೂ ಪಿರೇಡ ತಗೊಂಡ ನನ್ನ ಗಂಟಲಾ ಕಿತ್ತು ಹೋಗೇತಿ. ನನ್ನ ತಲಿಗೆ ಇನ್ನೊಂದು ಕಟ್ಟಬ್ಯಾಡ್ರಿ. ನಿಮ್ಮ ಪಿರೇಡ ಉಳೀಲಿ ಅಂತನ ನಾ ಬಂದೀನಿ.”

ಮಾಸ್ತರರು ಇದನ್ನು ಶತ್ರುವಿನ ಕಪಟವೆಂದು ತಿಳಿದರು. ಶತ್ರುವು ಸತ್ಯ ಹೇಳಿದರೆ ಯುದ್ಧ ಮಾಡುವುದು ಹೇಗೆ? ಆದ್ದರಿಂದ ಅವರು ಸಂಶಯಕ್ಕೆ ಶರಣಾಗಿ ಯುದ್ಧವನ್ನು ಮುಂದುವರಿಸಿದರು.

ಬಣ್ಣಿಸಲಿ ಏನನು? ಒಂದು ತುದಿಯಿಂದ ಮಾಸ್ತರರ ಸೈನ್ಯ, ರಟ್ಟಿನ ಕವಚ ತೊಟ್ಟ, ಸ್ಥೂಲಕಾಯದ, ಒಂದೊಂದೂ ಇಟ್ಟಿಗೆಯ ದಪ್ಪದ ಮಹಾರಥಿಗಳು. ಇನ್ನೊಂದು ತುದಿಯಿಂದ ಅಕ್ಕೋರ ಸೈನ್ಯ, ತೆಳ್ಳನೆಯ, ಬಣ್ಣಬಣ್ಣದ ಅಂಗಿ ತೊಟ್ಟ, ಮುಖಪುಟದ ಮೇಲೆ ಓಡುವ ಹುಡುಗರನ್ನೂ ಬೊಗಳುವ ನಾಯಿಗಳನ್ನೂ ಹೊತ್ತ ಕಾಲಾಳುಗಳು. ಅಕ್ಕೋರ ಆಯ್ಕೆಯ ರೀತಿಯೇ ಬೇರೆ. ಪುಸ್ತಕವನ್ನು ನಡುವೆ ಎಲ್ಲಾದರೂ ತೆರೆಯುವುದು, ನಿಂತಲ್ಲೇ ಓದತೊಡಗುವುದು. ಬೇಸರ ಬಂದರೆ ಮುಚ್ಚಿ ಗಾಡಿಗೆ ವಾಪಸ್ಸು. ಬಾರದಿದ್ದರೆ ಅವರು ಮುಚ್ಚುವುದನ್ನೇ ಮರೆತುಬಿಡುತ್ತಿದ್ದರು. ಗಾಡಿಯವನು ಕೆಮ್ಮಿ ಎಚ್ಚರಿಸುತ್ತಿದ್ದ. ಆಗ ‘ಇದು ಇರ್ಲಿ’ ಎಂದು ಮುದ್ರೆಗಾಗಿ ಮಾಸ್ತರರ ಕಡೆ ತಳ್ಳುತ್ತಿದ್ದರು. ಮಾಸ್ತರರು ಮುಖ ತಿರುಗಿಸಿ, ಹಸಿ ಹಾಗಲಕಾಯಿ ಕಚ್ಚಿದವರಂತೆ, ಹಗುರವಾಗಿ ಒತ್ತುತ್ತಿದ್ದರು.

ಹೀಗೆ ಎರಡೂ ಸೇನೆಗಳು ಸ್ಕೇಲಿನ ಎರಡು ತುದಿಗಳಿಂದ ಒತ್ತೊತ್ತಾಗಿ ಮುಂದುವರಿದು, ನಡುವೆ ಒಂದೇ ಒಂದು ಪುಸ್ತಕ ಹಿಡಿಯುವಷ್ಟು ಸಂದು ಉಳಿಯಿತು. ಆ ಸಂದಿಗಾಗಿ ಮಾಸ್ತರರು ಮುಂದಿಟ್ಟದ್ದು ‘ಅನಂತಪಥದ ಅಂತರ್ಘೋಷ’ವೆಂಬ ಮಹಾಕಾದಂಬರಿ; ಅದರಲ್ಲಿ ಮಹಾಪ್ರಾಣಗಳು ಎರಡು, ಮುನ್ನುಡಿಗಳು ಮೂರು. ಅಕ್ಕೋರು ಮುಂದಿಟ್ಟದ್ದು ‘ಗಿರಣಿಯ ಗುಮ್ಮ’. ಅದರ ಮುಖಪುಟದ ಮೇಲೆ ಹಿಟ್ಟಿನ ಗಿರಣಿಯೊಂದು, ಕಿಟಕಿಯಲ್ಲಿ ಒಂದು ಜತೆ ಕಣ್ಣು.

“ಗುಮ್ಮ!” ಎಂದು ಮಾಸ್ತರರು ಚೀರಿದರು. “ಹಾ ಹಂತ! ನಾಡಿನ ನಾಳಿನ ನಾಗರಿಕರ ನಾಲಿಗೆಗೆ ಗುಮ್ಮನ ರುಚಿ ಹಚ್ಚುವುದೇ? ಇದನ್ನು ನಾನು ಕೈಯಲ್ಲಿ ಕೂಡ ಹಿಡಿಯೆ!”

“ಹಿಡೀಬ್ಯಾಡ್ರಿ, ಓದ್ರಿ,” ಎಂದರು ಅಕ್ಕೋರು. ಈಗ ಅವರ ದನಿಯೂ ಏರಿತ್ತು. “ಅಲ್ಲ ಸರ, ಹನ್ನೆರಡು ಹದಿಮೂರು ವರ್ಷದ ಹುಡುಗರಿವು. ಸಣ್ಣವರಂದ್ರ ಸಿಟ್ಟು ಬರ್ತೈತಿ, ದೊಡ್ಡವರ ಮಾತು ಹೇಳಿದ್ರ ನಿದ್ದಿ ಬರ್ತೈತಿ. ಮುಂದೇನಾತು, ಮುಂದೇನಾತು ಅಂತ ಅನಸಬೇಕ್ರಿ ಅವಕ್ಕ. ನಮ್ಮಪ್ಪನ ಗಾದಿ ಅಂಗಡ್ಯಾಗ ಹಿಂಜಿದ ಹತ್ತಿ ರಾಶಿ ಮ್ಯಾಲ ಬಿದ್ದಕೊಂಡ ನಾ ಓದತಿದ್ದೆ. ನಮ್ಮವ್ವ ಊಟಕ್ಕ ಕರದ ಕರದ ಸಾಕಾಗಿ ಕೋಲು ತಗೊಂಡ ಬರ್ತಿದ್ಲು. ಕೋಲು ಕಂಡ್ರೂ ಒಂದ ಹಾಳಿ ಮುಗಿಸೇ ಏಳಾಕಿ ನಾ. ಕೋಲು ಬಂದ್ರೂ ಬಿಡಂಗಿಲ್ಲ ಅನ್ನೂವಂಥಾ ಪುಸ್ತಕ ಬೇಕ್ರಿ ನಮ್ಮ ಹುಡುಗರಿಗೆ. ನಿಮ್ಮವು ಕೋಲಿನಕಿಂತ ದಪ್ಪ ಅದಾವು, ಖರೇ.”

ಇಷ್ಟರಲ್ಲಿ ಅಡುಗೆಯ ನೀಲವ್ವ ತಟ್ಟೆಯಲ್ಲಿ ಚಹಾ ತಂದಳು. ಮೇಜಿನ ಮೇಲೆ ಇಡಲು ಜಾಗವೇ ಇಲ್ಲ. ಅಕ್ಕೋರು ತಮ್ಮ ‘ಗಿರಣಿಯ ಗುಮ್ಮ’ವನ್ನು ಎತ್ತಿ, ಮುದ್ರೆಗಾಗಿ ಮೊದಲ ಪುಟ ತೆರೆದಿದ್ದಂತೆಯೇ, ಮಾಸ್ತರರ ‘ಅಂತರ್ಘೋಷ’ದ ಮೇಲಿಟ್ಟು, ಚಹಾದ ತಟ್ಟೆಗೆ ಜಾಗ ಮಾಡಿಕೊಟ್ಟರು.

ಮಾಸ್ತರರು ಇದನ್ನು ಕಾಣಲಿಲ್ಲ. ಕಾಣುವುದು ಹೇಗೆ? ಅವರು ಆಗ ಕಣ್ಣು ಮುಚ್ಚಿ, ಮುಖವನ್ನು ಬೇವಿನ ತುದಿಯ ಕಡೆಗೆತ್ತಿ, ತಮ್ಮ ಜೀವಮಾನದ ಶ್ರೇಷ್ಠ ಭಾಷಣವನ್ನು ಮಾಡುತ್ತಿದ್ದರು:

“ಹೇ ಕಾಲಪುರುಷನೇ, ಸಾಕ್ಷಿಯಾಗು! ಸೂರ್ಯನು ಪಶ್ಚಿಮದಲ್ಲಿ ಉದಿಸಬಹುದು, ಬಿಸಿಯೂಟವು ಬಿಸಿಯಾಗಿಯೇ ಬರಬಹುದು, ಆದರೆ ಈರಸಂಗಪ್ಪ ಬೆಳವಣಕಿಯ ಮುದ್ರೆಯು ಗುಮ್ಮನ ಮೇಲೆ ಬೀಳಲಾರದು! ಯಾವ ಗ್ರಂಥದ ಗಾಂಭೀರ್ಯದ ಮುಂದೆ ಗಿರಿಗಳು ಗೋಲಿಗಳಾಗುವವೋ, ಆ ಮಹಾಕೃತಿಯನ್ನು ಈ ಶಾಲೆಯ ಸ್ವತ್ತೆಂದು ಇಗೋ ಘೋಷಿಸುತ್ತಿದ್ದೇನೆ!”

ಧಡ್!

ಮುದ್ರೆ ಬಿತ್ತು. ಚಹಾದ ಲೋಟಗಳು ನಡುಗಿದವು, ಕಾಗೆಗಳು ಹಾರಿದವು. ಮಾಸ್ತರರು ಕಣ್ತೆರೆದರು. ಗಿರಣಿಯ ಗುಮ್ಮನ ಮೊದಲ ಪುಟದ ನಟ್ಟನಡುವೆ, ಅವರ ವೃತ್ತಿಜೀವನದಲ್ಲೇ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಮೂಡಿರದ ನೇರಳೆ ಮುದ್ರೆ ದುಂಡಗೆ ಹೊಳೆಯುತ್ತಿತ್ತು.

ಮಾಸ್ತರರು ಕರ್ಚೀಫು ತೆಗೆದು ಒರೆಸಿದರು. ಮಸಿ ಅಗಲವಾಯಿತು. ಉಗುಳು ಹಚ್ಚಿ ಒರೆಸಿದರು. ಮುದ್ರೆ ಇನ್ನಷ್ಟು ಸರಕಾರಿಯಾಯಿತು.

“ಅದು ಆಗಂಗಿಲ್ರಿ ಸರ,” ಎಂದ ಗಾಡಿಯವನು, ತನ್ನ ಪುಸ್ತಕಗಳನ್ನು ಒಳಗೆ ತುಂಬುತ್ತ. “ಶಿಕ್ಕಾ ಬಿತ್ತಂದ್ರ ಬಿತ್ತು. ನಾ ವಾಪಸ್ ತಗೊಳ್ಳಂಗಿಲ್ಲ.”

‘ಅನಂತಪಥದ ಅಂತರ್ಘೋಷ’ವು ಗಾಡಿ ಹತ್ತಿ ಹೋಯಿತು. ಮಾಸ್ತರರು ಆರಿದ ಚಹಾ ಕುಡಿದರು. ಅಕ್ಕೋರು ನಗಲಿಲ್ಲ, ಅವರು ದೊಡ್ಡ ಮನಸ್ಸಿನವರು. ನೀಲವ್ವ ನಕ್ಕಳು.

ಶನಿವಾರ ಬಂದಿತು. ಬೆಳಗಿನ ಶಾಲೆಯ ಕೊನೆಯ ಗಂಟೆ ಬಾರಿಸುವ ಮುಂಚಿನ ಆ ಮಹಾವಧಿಯಲ್ಲಿ ಮಾಸ್ತರರು ಏಳನೆಯ ತರಗತಿಗೆ ಬಿಜಯಂಗೈದು, ಕಪಾಟಿನ ಬೀಗ ತೆಗೆದು, ಮೂರನೆಯ ಖಾನೆಯನ್ನು ಕೈಯಿಂದ ತೋರಿಸಿ, ಮಕ್ಕಳೇ ಆರಿಸಿಕೊಳ್ಳಿ ಎಂದು ಅಪ್ಪಣೆ ಕೊಡಿಸಿದರು. ಮಕ್ಕಳು ಬಂದರು. ಮಾಸ್ತರರ ಮಹಾರಥಿಗಳನ್ನು ಒಬ್ಬಿಬ್ಬರು ಎತ್ತಿ ನೋಡಿದರು, ತೂಕ ಚೆನ್ನಾಗಿದೆಯೆಂಬಂತೆ ತಲೆದೂಗಿ, ಇದ್ದಲ್ಲಿಯೇ ಇಟ್ಟರು. ಬಣ್ಣದ ಕಾಲಾಳುಗಳು ಮಾತ್ರ ಒಂದೊಂದಾಗಿ ಮಾಯವಾದವು. ಮಾಸ್ತರರು ಕುರ್ಚಿಯಲ್ಲಿ ಕುಳಿತು ಹೆಡ್‌ಮಾಸ್ತರರ ಚಪ್ಪಲಿಯ ಸಪ್ಪಳಕ್ಕೆ ಕಿವಿಗೊಟ್ಟರು. ಇವರು ಓದುತ್ತಾರೆಯೇ? ಅಥವಾ ಇಂದೂ ಎಲೆ ಒಣಗಿಸುತ್ತಾರೆಯೇ?

ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಗದ್ದಲವೆದ್ದಿತು. ರಕ್ಷಿತಾ ಕುಂಬಾರ ಎಂಬ ಹುಡುಗಿ ಒಂದು ಪುಸ್ತಕವನ್ನು ಪಿಸುದನಿಯಲ್ಲಿ ಓದುತ್ತಿದ್ದಳು. ಅವಳ ಸುತ್ತ ನಾಲ್ಕು ತಲೆ, ನಾಲ್ಕರ ಸುತ್ತ ಎಂಟು ತಲೆ. ಬೇರೆ ಪುಸ್ತಕ ಹಿಡಿದವರೂ ಅವನ್ನು ಬೆಂಚಿನ ಮೇಲೆ ಬಿಟ್ಟು ಅತ್ತ ಸರಿಯುತ್ತಿದ್ದರು. “ದೂಡಬ್ಯಾಡೋ!” “ಜೋರ ಓದ ಲೇ!” “ಗಿರಣಿ ಒಳಗ ಯಾರದಾರ?”

ಹೆಡ್‌ಮಾಸ್ತರರು ಈಗ ಬಂದರೆ! ಇದು ಓದೇ? ಇದು ಸಂತೆ! ಮಾಸ್ತರರು ಸಿಂಹದಂತೆ ಹಾರಿ ಹೋಗಿ ಆ ಪುಸ್ತಕವನ್ನು ಕಸಿದುಕೊಂಡರು. ನೋಡುತ್ತಾರೆ, ಗುಮ್ಮ.

“ಮೂಢರೇ!” ಎಂದರು. “ಇದರಲ್ಲೇನಿದೆ ಅಂಥ ಸತ್ವ? ನಿಮ್ಮೆದುರೇ ಇದನ್ನು ಓದಿ, ಇದರ ಪೊಳ್ಳುತನವನ್ನು ಪದರಪದರವಾಗಿ ಬಿಡಿಸಿ ತೋರಿಸುತ್ತೇನೆ. ಕೂಡ್ರಿ!”

ಅವರು ಕುರ್ಚಿಯಲ್ಲಿ ಕುಳಿತು, ಕನ್ನಡಕ ಏರಿಸಿ, ತಿರಸ್ಕಾರದಿಂದ ಮೊದಲ ಸಾಲು ಓದಿದರು. ಊರ ಹೊರಗೆ ಒಂದು ಹಿಟ್ಟಿನ ಗಿರಣಿ. ಒಡೆಯ ತೀರಿಕೊಂಡ ಮೇಲೆ ಬೀಗ ಬಿದ್ದಿದೆ. ತಿರಸ್ಕಾರದಿಂದ ಎರಡನೆಯ ಪುಟ. ಕೀಲಿಕೈ ಯಾರ ಹತ್ತಿರವೂ ಇಲ್ಲ. ಆದರೂ ಅಮಾವಾಸ್ಯೆಯ ರಾತ್ರಿ ಗಿರಣಿ ತಿರುಗುವ ಸದ್ದು ಕೇಳುತ್ತದೆ. ಮೂರನೆಯ ಪುಟಕ್ಕೆ ತಿರಸ್ಕಾರವನ್ನು ಒಯ್ಯಲು ಮರೆತರು. ಬೆಳಗಾದರೆ, ಮನೆಯಲ್ಲಿ ಜೋಳವೇ ಇಲ್ಲದ ಒಬ್ಬ ಮುದುಕಿಯ ಹೊಸ್ತಿಲ ಮೇಲೆ ಬಿಸಿ ಆರದ ಹಿಟ್ಟಿನ ಗಂಟು. ಬೀಸಿದವರು ಯಾರು? ಜೋಳ ಯಾರದು? ಕಂಡುಹಿಡಿಯಲು ಒಬ್ಬ ಹುಡುಗಿ ಮತ್ತು ಅವಳ ಹೇಡಿ ತಮ್ಮ ಹಿತ್ತಿಲ ಬಾಗಿಲಿನಿಂದ ಹೊರಬೀಳುತ್ತಾರೆ…

ಓ ವಾಗ್ದೇವಿ, ಇಲ್ಲಿ ಗಾಥಾಕಾರನಿಗೆ ವರ್ಣಿಸಲು ಏನೂ ಇಲ್ಲ. ಒಬ್ಬ ಮನುಷ್ಯ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದಾನೆ. ಅವನ ಬಾಯಿ ಸ್ವಲ್ಪ ತೆರೆದಿದೆ. ಅವನ ಮೀಸೆಯ ಮೇಲೆ ನೊಣ ಕೂತಿದೆ. ಅವನಿಗೆ ಗೊತ್ತಿಲ್ಲ. ಓದಿನ ಸುಖವೆಂದು ಊರೂರು ಹೇಳಿಕೊಂಡು ತಿರುಗಿದ ಆ ಸುಖ ತಾನಾಗಿ ಬಂದು ಹೆಗಲ ಮೇಲೆ ಕೈಯಿಟ್ಟರೂ ಅವನು ಅದನ್ನು ಮಾತಾಡಿಸಲಿಲ್ಲ, ಪುರಸೊತ್ತಿರಲಿಲ್ಲ.

ಮಕ್ಕಳು ಮೊದಲು ಕೂತಿದ್ದರು. ಆಮೇಲೆ ಎದ್ದರು. ಒಬ್ಬೊಬ್ಬರಾಗಿ ಬಂದು ಕುರ್ಚಿಯ ಹಿಂದೆ ನಿಂತರು, ಬೆಂಚು ಎಳೆದು ಅದರ ಮೇಲೆ ಹತ್ತಿ ನಿಂತರು, ಮಾಸ್ತರರ ಎರಡೂ ಹೆಗಲ ಮೇಲಿಂದ ಕತ್ತು ಚಾಚಿದರು. ಹುಡುಗಿ ಮತ್ತು ತಮ್ಮ ಗಿರಣಿಯ ಕಿಟಕಿಯ ಕೆಳಗೆ ಬಂದರು. ಒಳಗೆ ದೀಪ.

“ಸರ, ಹಾಳಿ ತಿರುವ್ರಿ,” ಎಂದಿತು ಕಿವಿಯ ಹತ್ತಿರ ಒಂದು ದನಿ. “ನಮ್ಮದು ಓದಿ ಆತು.”

“ತಡಿಯೋ, ನನಗ ಇನ್ನ ಎರಡ ಸಾಲ ಉಳದಾವು,” ಎಂದರು ಮಾಸ್ತರರು. ಅವರ ಬಾಯಲ್ಲಿ ಸಂಸ್ಕೃತ ಬರಲಿಲ್ಲ.

“ಎಷ್ಟ ಸಾವಕಾಶ ಓದ್ತೀರ್ರಿ ಸರ!”

ಬಾಗಿಲಲ್ಲಿ ಶಿವಪುತ್ರಪ್ಪ ಕಟಗೇರಿಯವರು ನಿಂತಿದ್ದರು. ಯಾವಾಗ ಬಂದರೋ ಯಾರಿಗೂ ತಿಳಿಯದು. ಯಾರೂ ಎದ್ದು ನಿಂತು ನಮಸ್ಕಾರ ಹೇಳಲಿಲ್ಲ, ಎದ್ದೇ ನಿಂತಿದ್ದರಲ್ಲ. ಇಡೀ ಏಳನೆಯ ತರಗತಿ ಒಂದೇ ಪುಸ್ತಕದ ಮೇಲೆ ಬಿದ್ದಿರುವುದನ್ನು ಅವರು ನೋಡಿದರು. ಒಮ್ಮೆ ಕೆಮ್ಮಿದರು. ಯಾರೂ ತಿರುಗಲಿಲ್ಲ. ಬೆಂಚಿನ ಪಕ್ಕ ಬಂದು, ಕನ್ನಡಕ ಹುಡುಕಿ ಹಾಕಿಕೊಂಡು, ಹುಡುಗರ ತಲೆಗಳ ಸಂದಿಯಿಂದ ತಾವೂ ಬಗ್ಗಿದರು. ಬಗ್ಗಿದವರು ಬೇಗ ಎದ್ದು ನಿಲ್ಲಲಿಲ್ಲ.

ಒಳಗೆ ದೀಪ ಹಿಡಿದ ನೆರಳು ಬಾಗಿಲ ಕಡೆಗೆ ತಿರುಗಿತು. ಹೇಡಿ ತಮ್ಮ ಅಕ್ಕನ ಕೈ ಬಿಡಿಸಿಕೊಂಡು ತಾನೇ ಮುಂದೆ ಹೋದ. ಬಾಗಿಲು ಕಿರ್ರೆಂದಿತು. ನೆರಳು ಬೆಳಕಿಗೆ ಬಂತು. ಹುಡುಗಿ ಕಂಡಳು, ಕಂಡು, “ಅಯ್ಯ, ನೀನಾ?” ಎಂದಳು. ಪುಟ ಮುಗಿಯಿತು.

ಗಂಟೆ ಬಾರಿಸಿತು.

ಮಾಸ್ತರರ ಬೆರಳು ಹಾಳೆಯ ಅಂಚಿನ ಮೇಲಿತ್ತು. ಅದಕ್ಕಿಂತ ಮೊದಲೇ ರಕ್ಷಿತಾಳ ಕೈ ಪುಸ್ತಕದ ಮೇಲಿತ್ತು. “ನಾ ಮೊದಲ ತಗೊಂಡಿದ್ದೆ ಸರ. ಮನಿಗೆ ಒಯ್ಯಾಕ ನನ್ನ ಪಾಳಿ.” ಶಾಲೆಯ ನಿಯಮ ಹಾಗೆಯೇ ಇತ್ತು. ನಿಯಮ ಮಾಡಿದವರು ಬೆಳವಣಕಿ ಮಾಸ್ತರರು. ಪುಸ್ತಕ ಅವಳ ಪಾಟೀಚೀಲದೊಳಗೆ ಹೋಯಿತು.

“ಬೆಳವಣಕಿ ಸರ,” ಎಂದರು ಕಟಗೇರಿಯವರು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ, “ಪಿರೇಡ ನಿಮ್ಮದು. ಮಾತ ಇಲ್ಲ.” ಆಮೇಲೆ ಕೆಮ್ಮಿದರು.

ದಿಗ್ವಿಜಯ! ದುಂದುಭಿ ಮೊಳಗಬೇಕಿತ್ತು, ಪುಷ್ಪವೃಷ್ಟಿಯಾಗಬೇಕಿತ್ತು. ಪ್ರಾರ್ಥನಾಸಭಾಗಗನಗರ್ಜಿತರು ಆ ಪ್ರಸಂಗಕ್ಕೆ ತಕ್ಕ ಒಂದು ಭಾಷಣ ಮಾಡಬೇಕಿತ್ತು. ಆದರೆ ಅವರು ಹೆಡ್‌ಮಾಸ್ತರರಿಗೆ ಥ್ಯಾಂಕ್ಸ್ ಕೂಡ ಹೇಳದೆ, ಒಂದು ಕಾಲಲ್ಲಿ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಎಳೆಯುತ್ತ, ಸ್ಟಾಫ್ ರೂಮಿಗೆ ಓಡಿದರು. ನದಾಫ ಅಕ್ಕೋರು ಬುತ್ತಿ ಚೀಲ ಕಟ್ಟಿಕೊಳ್ಳುತ್ತಿದ್ದರು.

“ಅಕ್ಕೋರ, ಪಿರೇಡ ಉಳೀತು,” ಎಂದರು ಮಾಸ್ತರರು, ಏದುಸಿರು ಬಿಡುತ್ತ. “ನೀವು ಅಂದದ್ದು ಖರೇ ಆತು. ನಂದ ತಪ್ಪಾತು. ಅದಿರ್ಲಿ. ಗಿರಣ್ಯಾಗ ಇದ್ದಾಂವ ಯಾರ್ರೀ?”

ಅಕ್ಕೋರು ಅವರ ಮುಖವನ್ನೇ ನೋಡಿದರು. ನಗು ಈಗ ಬಂತು. ಎರಡು ದಿನ ತಡೆದಿಟ್ಟದ್ದೆಲ್ಲ ಬಂತು. ಅದರೊಳಗೆ ಕುಹಕವಿರಲಿಲ್ಲ.

“ಎಲ್ಲೀತನ ಬಂದೀರಿ?”

“‘ಅಯ್ಯ, ನೀನಾ’ ಅಂತಾಳಲ್ಲ, ಅಲ್ಲೀತನ.”

“ಅಯ್ಯೋ ಸರ, ನಾನೂ ಗಾಡಿ ಮುಂದ ನಿಂತು ಅಲ್ಲೀತನಕನ ಓದಿದ್ದು. ಅಷ್ಟರಾಗ ನೀಲವ್ವ ಚಹಾ ತಂದ್ಲು, ನೀವು ಶಿಕ್ಕಾ ಬಡದು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರಿ.” ಅವರ ನಗು ನಿಂತಿತು. “ನನಗೂ ಗೊತ್ತಿಲ್ರಿ ಅದು ಯಾರಂತ. ಎರಡ ದಿನ ಆತು, ನಿದ್ದಿ ಬಂದಿಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಭಿನ್ನರಾಶಿಭೈರವಿಯೂ ಬೀಳ್ಕೊಡುಗೆಭಾಷಣಬೃಹಸ್ಪತಿಗಳೂ ವೈರವನ್ನು ಮರೆತು, ಬುತ್ತಿ ಚೀಲವನ್ನೂ ಮರೆತು, ಒಟ್ಟಿಗೆ ಗೇಟಿನ ಕಡೆಗೆ ನಡೆದರು. ನಡೆದರು ಎಂದರೆ ಮರ್ಯಾದೆಗೆ ಹೇಳಿದ ಮಾತು, ಓಡಿದರು.

ಗೇಟಿನ ಹತ್ತಿರ ರಕ್ಷಿತಾ ಕುಂಬಾರ ಪುಸ್ತಕವನ್ನು ತೆರೆದು ಓದುತ್ತಲೇ ಹೆಜ್ಜೆ ಹಾಕುತ್ತಿದ್ದಳು.

“ರಕ್ಷಿತಾ, ಒಂದ ನಿಮಿಷ ಕೊಡವಾ,” ಎಂದರು ಮಾಸ್ತರರು. “ಒಂದ ಹಾಳಿ ನೋಡಿ ಕೊಡ್ತೀನಿ.”

ಹುಡುಗಿ ಪುಸ್ತಕವನ್ನು ಎದೆಗೆ ಅವುಚಿಕೊಂಡಳು. “ಇಲ್ರಿ ಸರ, ಪಾಳಿ ಐತಿ. ನಂದಾದ ಮ್ಯಾಲ ಸಮೀರ, ಸಮೀರಂದಾದ ಮ್ಯಾಲ ಗಂಗವ್ವ, ಆಮ್ಯಾಲ ಹಿಂದಿನ ಬೆಂಚಿನವರು ಎಲ್ಲಾರೂ. ಅವರಾದ ಮ್ಯಾಲ ಹೆಡ್‌ಮಾಸ್ತರು. ಈಗ ಬಂದು ಹೇಳಿ ಹೋದ್ರು.” ಆಮೇಲೆ ಇಬ್ಬರ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. “ಅವರ ಹಿಂದ ಅಕ್ಕೋರು, ಅಕ್ಕೋರ ಹಿಂದ ನೀವು. ನಡೀತೈತೇನ್ರಿ?”

ಸುಣ್ಣಧೂಳಿಧೂಸರಿತದಕ್ಷಿಣಹಸ್ತರು ಆ ಕೈಯಿಂದ ಹಣೆಯ ಬೆವರು ಒರೆಸಿಕೊಂಡರು. ಅಲ್ಲಿಯವರೆಗೆ ಸಾವಿರ ಸಲ ಮಕ್ಕಳಿಗೆ ಓದಿರಿ ಓದಿರಿ ಎಂದು ಉಪದೇಶಿಸಿದ್ದ ಆ ಮಹಾವಾಗ್ಮಿಗಳ ಬಾಯಿಂದ, ಮೊದಲ ಬಾರಿಗೆ, ಯಾವ ಅಲಂಕಾರವೂ ಇಲ್ಲದೆ, ಹೊಟ್ಟೆಯೊಳಗಿನಿಂದ, ಒಂದು ಮಾತು ಬಂತು.

“ನಡೀತೈತಿ,” ಎಂದರು. “ಲಗೂನ ಓದವಾ, ನಮ್ಮವ್ವಾ.”